ಐವರ ಅಗ್ರಹಾರದಲ್ಲಿ ವಿಶ್ವಶಾಂತಿ

ನಮ್ಮ ಮಠಗಳ ಆಮಂತ್ರಣ ಪತ್ರಿಕೆಗಳನ್ನು ಒಮ್ಮೆ ಒಟ್ಟಿಗೆ ಹರವಿಕೊಂಡು ನೋಡಿ. ‘ಲೋಕಕಲ್ಯಾಣಾರ್ಥವಾಗಿ’, ‘ವಿಶ್ವಶಾಂತಿಗಾಗಿ’ ಎಂಬ ಮಾತಿಲ್ಲದ ಪತ್ರಿಕೆ ಸಿಗುವುದು ಕಷ್ಟ. ಜಾತ್ರೆಯೂ ವಿಶ್ವಶಾಂತಿಗೆ, ಅಡ್ಡಪಲ್ಲಕ್ಕಿಯೂ ವಿಶ್ವಶಾಂತಿಗೆ, ತುಲಾಭಾರವೂ ವಿಶ್ವಶಾಂತಿಗೆ. ಕೆಲವು ಕಡೆ ಹೋಮಕುಂಡವೂ ವಿಶ್ವಶಾಂತಿಗಾಗಿಯೇ ಉರಿಯುತ್ತದೆ. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡವೆಂದು ಅಂಗೈಗೆ ಇಷ್ಟಲಿಂಗ ಕೊಟ್ಟ ಧರ್ಮದವರು, ಬೆಂಕಿಗೆ ತುಪ್ಪ ಸುರಿದು ಗಾಜಾದಲ್ಲಿ, ಉಕ್ರೇನಿನಲ್ಲಿ, ಸುಡಾನಿನಲ್ಲಿ ಗುಂಡಿನ ಸದ್ದು ನಿಲ್ಲಲಿ ಎಂದು ಕಾಯುವುದು ಎಂಥ ವಿಪರ್ಯಾಸ! ತುಪ್ಪ ಸುಟ್ಟುಹೋಯಿತು, ಹೊಗೆ ಮೇಲೇರಿತು, ಯುದ್ಧ ಮಾತ್ರ ನಿಲ್ಲಲಿಲ್ಲ.

ಶಾಂತಿ ಮೇಲಿನಿಂದ ಇಳಿದು ಬರುವ ವರವಲ್ಲ. ಅದು ಸಮತೆ ಇದ್ದಲ್ಲಿ ಹುಟ್ಟುವ ಫಲ. ಜಗತ್ತಿನ ಶಾಂತಿಯನ್ನು ಕಾಯಲೆಂದು ಕಟ್ಟಿದ ಸಂಸ್ಥೆಯೇ ಮೇಲು-ಕೀಳಿನ ಬುನಾದಿಯ ಮೇಲೆ ನಿಂತಿರುವಾಗ, ಆ ಬುನಾದಿಯನ್ನು ಪ್ರಶ್ನಿಸದೆ ಮಾಡುವ ಪ್ರಾರ್ಥನೆಯೆಲ್ಲ ಬರಿಯ ಸದ್ದು. ಆ ಮೇಲು-ಕೀಳನ್ನು ಗುರುತು ಹಿಡಿಯುವ ಕಣ್ಣು ಬಸವಣ್ಣನವರ ಅನುಯಾಯಿಗಳಿಗೇ ಇಲ್ಲದಿದ್ದರೆ ಇನ್ನಾರಿಗೆ ಇರಬೇಕು?

ಹುಟ್ಟಿನಿಂದ ಬಂದ ಪೀಠ

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, 1945ರ ಜೂನ್ 26ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿತ್ತು. ಆಗ ಸದಸ್ಯ ರಾಷ್ಟ್ರಗಳು 51, ಇಂದು 193. ಯುದ್ಧ ತಡೆಯುವ ಮುಖ್ಯ ಹೊಣೆಯನ್ನು ಸನ್ನದು ಭದ್ರತಾ ಮಂಡಳಿಗೆ ಒಪ್ಪಿಸಿತು. ಆ ಮಂಡಳಿಯಲ್ಲಿ ಈಗ 15 ಸ್ಥಾನಗಳಿವೆ. ಹತ್ತು ದೇಶಗಳು ಎರಡೆರಡು ವರ್ಷದ ಅವಧಿಗೆ ಆಯ್ಕೆಯಾಗಿ ಬರುತ್ತವೆ, ಹೋಗುತ್ತವೆ. ಐದು ದೇಶಗಳು ಮಾತ್ರ ಎಂದೂ ಎದ್ದು ಹೋಗುವುದಿಲ್ಲ: ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್. ಈ ಐವರಲ್ಲಿ ಯಾರಾದರೊಬ್ಬರು ಕೈ ಎತ್ತಿ ‘ಬೇಡ’ ಎಂದರೆ ಉಳಿದ ಹದಿನಾಲ್ಕು ದೇಶಗಳ ಮಾತು ಕಸಕ್ಕೆ ಸಮ. ಇದೇ ವೀಟೊ.

ಈ ಐವರಿಗೆ ಆ ಅಧಿಕಾರ ಬಂದದ್ದು ಹೇಗೆ? ಅವರ ಕಾಯಕ ನೋಡಿಯೇ? ಅವರ ನಡೆ-ನುಡಿ ನೋಡಿಯೇ? ಅಲ್ಲ. 1945ರಲ್ಲಿ ಗೆದ್ದವರ ಪಾಳೆಯದಲ್ಲಿ ಇದ್ದರು ಎಂಬುದಷ್ಟೇ ಅವರ ಅರ್ಹತೆ. ಆ ದಿನ ಬ್ರಿಟನ್ನು, ಫ್ರಾನ್ಸು ಕೋಟ್ಯಂತರ ಜನರನ್ನು ವಸಾಹತುಗಳಲ್ಲಿ ಆಳುತ್ತಿದ್ದ ದೇಶಗಳು. ಆಫ್ರಿಕದಿಂದ ಆ ಸಭೆಗೆ ಬಂದದ್ದು ನಾಲ್ಕೇ ದೇಶ. ಇಂದು ಆಫ್ರಿಕದಿಂದ 54 ದೇಶಗಳು ವಿಶ್ವಸಂಸ್ಥೆಯಲ್ಲಿವೆ. ಕಾಯಂ ಸ್ಥಾನ ಒಂದೂ ಇಲ್ಲ. ಇನ್ನೂ ಸೋಜಿಗದ ಸಂಗತಿ ಕೇಳಿ: ಸನ್ನದಿನ 23ನೆಯ ವಿಧಿಯಲ್ಲಿ ಇಂದಿಗೂ ‘ಸೋವಿಯತ್ ಒಕ್ಕೂಟ’ ಎಂದೇ ಬರೆದಿದೆ. ಆ ಒಕ್ಕೂಟ 1991ರಲ್ಲಿ ಇಲ್ಲವಾಯಿತು, ಅದರ ಪೀಠ ಮಾತ್ರ ಪಿತ್ರಾರ್ಜಿತ ಆಸ್ತಿಯಂತೆ ರಷ್ಯಾಕ್ಕೆ ಹೋಯಿತು. ಅರ್ಹತೆ ಕೇಳದೆ, ನಡತೆ ನೋಡದೆ, ಹುಟ್ಟಿನಿಂದ ಬಂದು ವಂಶದಲ್ಲಿ ಉಳಿಯುವ ಸ್ಥಾನಕ್ಕೆ ನಮ್ಮ ನಾಡಿನಲ್ಲಿ ಏನೆನ್ನುತ್ತಾರೆ? ಜಾತಿ ಎನ್ನುತ್ತಾರೆ. ಭದ್ರತಾ ಮಂಡಳಿ ಜಗತ್ತಿನ ಮಟ್ಟದ ಅಗ್ರಹಾರ. ಹತ್ತು ದೇಶಗಳಿಗೆ ಅಲ್ಲಿ ಪಡಸಾಲೆಯವರೆಗೆ ಪ್ರವೇಶ, ಉಳಿದ 178ಕ್ಕೆ ಬಾಗಿಲ ಹೊರಗೆ ಜಾಗ.

ಇದರೆದುರು ಕಲ್ಯಾಣದ ಅನುಭವ ಮಂಟಪವನ್ನು ಇಟ್ಟು ನೋಡಿ. ಶೂನ್ಯಪೀಠವೇರಿದ ಅಲ್ಲಮಪ್ರಭುಗಳು ಮದ್ದಳೆ ನುಡಿಸುತ್ತಿದ್ದವರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಆ ಪೀಠ ತಮಗಿರಲಿ ಎನ್ನಲಿಲ್ಲ. ಮಡಿವಾಳರು, ಅಂಬಿಗರು, ಸಮಗಾರರು, ಹೆಣ್ಣುಮಕ್ಕಳು ಕೂತು ಮಾತಾಡಿದ ಆ ಸಭೆಯಲ್ಲಿ ಪ್ರಭುಗಳನ್ನೂ ಎದುರು ಪ್ರಶ್ನಿಸಬಹುದಿತ್ತು. ಒಬ್ಬರ ‘ಬೇಡ’ದಿಂದ ಎಲ್ಲರ ಬಾಯಿ ಮುಚ್ಚಿಸುವ ಪದ್ಧತಿ ಅಲ್ಲಿರಲಿಲ್ಲ. ‘ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು’ ಎಂದು ಪ್ರತಿ ಬಸವ ಜಯಂತಿಗೂ ವೇದಿಕೆಯ ಮೇಲಿಂದ ಕೂಗುತ್ತೇವೆ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣವಾದಾಗ ಎದೆಯುಬ್ಬಿಸಿದೆವು. ಒಳ್ಳೆಯದು. ಆದರೆ ನದಿಯ ಆಚೆ ದಡದಲ್ಲಿ ಕಾಣುವ ಸಂಸತ್ತಿನ ದೇಶ ಒಂದು ವೀಟೊ ಹಿಡಿದು ಕೂತಿದೆ, ಬಸವತತ್ವದ ಮುಂದೆ ಅದು ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ನೂರು ದಿನಗಳ ಲೆಕ್ಕ

ಇದು ಮರ್ಯಾದೆಯ ಪ್ರಶ್ನೆ ಮಾತ್ರ, ಸ್ಥಾನಮಾನದ ಜಗಳ ಮಾತ್ರ ಎಂದು ಯಾರೂ ತಿಳಿಯಬಾರದು. ಈ ಮೇಲು-ಕೀಳಿಗೆ ಜನ ಜೀವದಿಂದ ಬೆಲೆ ತೆರುತ್ತಾರೆ.

1994ರ ಏಪ್ರಿಲ್ ತಿಂಗಳಲ್ಲಿ ಆಫ್ರಿಕದ ರುವಾಂಡದಲ್ಲಿ ಟುಟ್ಸಿ ಜನರ ಹತ್ಯಾಕಾಂಡ ಶುರುವಾಯಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಬಹಳಷ್ಟು ಮಂದಿಯನ್ನು ಕೊಂದದ್ದು ಮಚ್ಚಿನಿಂದ, ಕೊಂದವರು ನೆರೆಮನೆಯವರು. ವಿಶ್ವಸಂಸ್ಥೆಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲಿದ್ದ ಶಾಂತಿಪಾಲನಾ ಪಡೆಯ ಮುಖ್ಯಸ್ಥ, ಕೆನಡಾದ ಸೇನಾಧಿಕಾರಿ ರೋಮಿಯೊ ಡಲೇರ್, ಆಯುಧ ಕೂಡಿಡುತ್ತಿದ್ದಾರೆ, ಕೊಲೆಗೆ ತಯಾರಿ ನಡೆದಿದೆ ಎಂದು ಆ ವರ್ಷದ ಜನವರಿಯಲ್ಲೇ ನ್ಯೂಯಾರ್ಕಿಗೆ ತಿಳಿಸಿದ್ದರು. ಕೊಲೆ ಶುರುವಾದ ಮೇಲೆ ಭದ್ರತಾ ಮಂಡಳಿ ಏನು ಮಾಡಿತು? ಪಡೆಯನ್ನು ಹೆಚ್ಚಿಸಲಿಲ್ಲ. ಏಪ್ರಿಲ್ 21ರಂದು ಗೊತ್ತುವಳಿ ಮಾಡಿ, ಸುಮಾರು 2,500 ಇದ್ದ ಪಡೆಯನ್ನು 270ಕ್ಕೆ ಇಳಿಸಿತು! ಕಿಗಾಲಿ ನಗರದ ಒಂದು ಶಾಲೆಯಲ್ಲಿ ನೀಲಿ ಟೋಪಿಯ ಸೈನಿಕರನ್ನು ನಂಬಿ ಸುಮಾರು ಎರಡು ಸಾವಿರ ಜನ ಆಶ್ರಯ ಪಡೆದಿದ್ದರು. ಅದಕ್ಕೆ ಹತ್ತು ದಿನ ಮೊದಲೇ, ಏಪ್ರಿಲ್ 11ರಂದು, ಅಲ್ಲಿದ್ದ ಬೆಲ್ಜಿಯಂ ಸೈನಿಕರು ಹೊರಟುಹೋಗಿದ್ದರು. ಬಾಗಿಲಲ್ಲೇ ಕಾದಿದ್ದ ಕೊಲೆಗಡುಕರು ಒಳನುಗ್ಗಿದರು. ಇಡೀ ಕಥೆಗೆ ಕಲಶವಿಟ್ಟಂತೆ, ಆ ವರ್ಷ ಭದ್ರತಾ ಮಂಡಳಿಯ ಚುನಾಯಿತ ಸದಸ್ಯರಲ್ಲಿ ರುವಾಂಡವೂ ಒಂದಾಗಿತ್ತು. ಕೊಲ್ಲುವ ಸರಕಾರದ ಪ್ರತಿನಿಧಿ ಒಳಗೆ ಕುರ್ಚಿಯ ಮೇಲೆ, ಸಾಯುವವರು ಶಾಲೆಯ ಅಂಗಳದಲ್ಲಿ.

ರುವಾಂಡದ ವಿಷಯದಲ್ಲಿ ಯಾರೂ ವೀಟೊ ಎತ್ತಲಿಲ್ಲ ಎಂಬುದನ್ನೂ ಹೇಳಬೇಕು. ಎತ್ತುವ ಅಗತ್ಯವೇ ಬೀಳಲಿಲ್ಲ. ಎಣ್ಣೆಯಿಲ್ಲದ, ಬಂದರಿಲ್ಲದ ಆ ಪುಟ್ಟ ದೇಶಕ್ಕಾಗಿ ತಮ್ಮ ಸೈನಿಕರನ್ನು ಕಳಿಸುವ ಮನಸ್ಸು ದೊಡ್ಡವರಿಗಿರಲಿಲ್ಲ. ದೊಡ್ಡವರಿಗೆ ಮನಸ್ಸಿಲ್ಲದ್ದು ಆ ಮಂಡಳಿಯಲ್ಲಿ ನಡೆಯುವುದಿಲ್ಲ.

ಅದೇ ರುವಾಂಡದಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಲ್ಲಿ ಮಚ್ಚಿಗಿಂತ ಮೊದಲು ಕೆಲಸ ಮಾಡಿದ್ದು ರೇಡಿಯೊ. ಟುಟ್ಸಿಗಳನ್ನು ‘ಜಿರಲೆಗಳು’ ಎಂದು ಕರೆಯುತ್ತ, ಹಾಡು ಹಾಕುತ್ತ, ನಗೆಚಾಟಿಕೆ ಮಾಡುತ್ತ ಆ ಬಾನುಲಿ ಜನರ ಮನಸ್ಸನ್ನು ಕೊಲೆಗೆ ಹದ ಮಾಡಿತು. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅದನ್ನು ನಡೆಸಿದವರನ್ನು ಅಪರಾಧಿಗಳೆಂದು ತೀರ್ಪಿತ್ತಿತು. ಮಾತೂ ಕೊಲ್ಲುತ್ತದೆ ಎಂದು ನ್ಯಾಯಾಲಯವೇ ಹೇಳಿತು. ನುಡಿಯ ಹೊಣೆಯನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಹೆಗಲ ಮೇಲಿಟ್ಟಿದ್ದರು.

ಆರೋಪಿಯೇ ಪಂಚಾಯಿತಿಯ ಯಜಮಾನ

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. 1994ರಲ್ಲಿ ಇದೇ ಉಕ್ರೇನು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತ್ತು. ಅದಕ್ಕೆ ಪ್ರತಿಯಾಗಿ ಅದರ ಗಡಿಯನ್ನು ಗೌರವಿಸುತ್ತೇವೆ ಎಂದು ಬುಡಾಪೆಸ್ಟ್‌ನಲ್ಲಿ ಮಾತು ಕೊಟ್ಟವರಲ್ಲಿ ರಷ್ಯಾವೂ ಒಂದು. ಮರುದಿನ ಭದ್ರತಾ ಮಂಡಳಿ ಸೇರಿದಾಗ ಸರದಿಯಂತೆ ಅಧ್ಯಕ್ಷಪೀಠದಲ್ಲಿ ಕೂತಿದ್ದದ್ದು ಯಾರು? ರಷ್ಯಾದ ರಾಯಭಾರಿ! ಹನ್ನೊಂದು ದೇಶಗಳು ದಾಳಿಯನ್ನು ಖಂಡಿಸುವ ಗೊತ್ತುವಳಿಯ ಪರ ನಿಂತವು. ರಷ್ಯಾ ಕೈ ಎತ್ತಿತು, ಗೊತ್ತುವಳಿ ಬಿತ್ತು. ಹಳ್ಳಿಯ ಕಟ್ಟೆಯ ಮೇಲೆ, ಹೊಡೆದವನೇ ಯಜಮಾನನಾಗಿ ಕೂತು ‘ಈ ದೂರು ನಡೆಯುವುದಿಲ್ಲ’ ಎಂದರೆ ನಾವು ಒಪ್ಪುತ್ತೇವೆಯೇ?

ರಷ್ಯಾವನ್ನು ಬೈದು ಅಮೆರಿಕವನ್ನು ಬಿಟ್ಟರೆ ಅದು ಶರಣರ ನ್ಯಾಯವಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದದ್ದು ಘೋರ ಪಾಪ. ಅದರ ಬೆನ್ನಿಗೆ ಗಾಜಾದ ಮೇಲೆ ಬಿದ್ದ ಬಾಂಬುಗಳಿಗೆ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 60 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಸಾವಿರಾರು ಮಕ್ಕಳು. ಆ ವರ್ಷದ ಡಿಸೆಂಬರ್ 8ರಂದು ಕದನವಿರಾಮ ಬೇಡುವ ಗೊತ್ತುವಳಿಗೆ 13 ದೇಶಗಳು ಒಪ್ಪಿದವು, ಬ್ರಿಟನ್ ತಟಸ್ಥವಾಯಿತು, ಅಮೆರಿಕ ವೀಟೊ ಹಾಕಿತು. 2025ರ ಜೂನ್ 4ರಂದು 14 ದೇಶಗಳು ಒಂದು ಕಡೆ, ಅಮೆರಿಕ ಒಂದೇ ಇನ್ನೊಂದು ಕಡೆ; ಆಗಲೂ ಗೆದ್ದದ್ದು ಒಂದು.

ಇನ್ನು ವ್ಯಾಪಾರದ ಮಾತು. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತು ಸೈನ್ಯಕ್ಕೆ ಸುರಿದದ್ದು 2.7 ಲಕ್ಷ ಕೋಟಿ ಡಾಲರಿಗೂ ಹೆಚ್ಚು. 2020ರಿಂದ 2024ರವರೆಗೆ ದೇಶದಿಂದ ದೇಶಕ್ಕೆ ಮಾರಾಟವಾದ ದೊಡ್ಡ ಆಯುಧಗಳಲ್ಲಿ ಅಮೆರಿಕದ ಪಾಲೇ ಶೇ. 43. ಅದರ ನಂತರದ ಸ್ಥಾನಗಳು ಫ್ರಾನ್ಸ್, ರಷ್ಯಾ, ಚೀನಾಗಳದ್ದು. ಶಾಂತಿಯ ಕಾವಲಿಗೆ ಕೂತ ಐವರಲ್ಲಿ ನಾಲ್ವರು ಆಯುಧದ ಅಂಗಡಿಯ ಮೊದಲ ನಾಲ್ಕು ಮಳಿಗೆಯವರು. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಬಾಂಬು ಇಟ್ಟುಕೊಳ್ಳಬಹುದೆಂದು ಮಾನ್ಯ ಮಾಡಿದ್ದೂ ಇದೇ ಐವರನ್ನು. ಸತ್ಯಶುದ್ಧ ಕಾಯಕ ಎಂದು ದಿನವೂ ಹೇಳುವ ನಾವು, ಯುದ್ಧ ಮುಂದುವರಿದಷ್ಟೂ ಲಾಭ ಬರುವ ಕಾಯಕವನ್ನು ಯಾವ ಹೆಸರಿನಿಂದ ಕರೆಯೋಣ?

ದೂರದ ಯುದ್ಧ ನಮಗೇನು ಎನ್ನುವವರಿಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಉಕ್ರೇನ್ ಯುದ್ಧದ ಮೊದಲ ವಾರದಲ್ಲೇ ವೈದ್ಯನಾಗಲು ಹೋಗಿದ್ದ ನಮ್ಮ ನಾಡಿನ ಹುಡುಗನೊಬ್ಬ ಅಲ್ಲಿ ಪ್ರಾಣ ಬಿಟ್ಟ. ಆ ವರ್ಷ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದು, ಪೊಟ್ಯಾಷ್ ಗೊಬ್ಬರಕ್ಕೆ ರೈತ ಪರದಾಡಿದ್ದು ಮರೆತಿದ್ದೇವೆಯೇ? ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಉಕ್ರೇನಿನಿಂದ, ಪೊಟ್ಯಾಷ್‌ನ ದೊಡ್ಡ ಪಾಲು ರಷ್ಯಾ-ಬೆಲಾರೂಸ್‌ಗಳಿಂದ ಬರುತ್ತಿತ್ತು. ಐವರಲ್ಲಿ ಒಬ್ಬ ಎತ್ತಿದ ಕೈ ನಮ್ಮ ದಾಸೋಹದ ಒಗ್ಗರಣೆಯವರೆಗೂ ಚಾಚುತ್ತದೆ.

‘ವೀಟೊ ಇಲ್ಲದಿದ್ದರೆ ಮಹಾಯುದ್ಧವೇ ಆದೀತು’

ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ. ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ದೊಡ್ಡವರು ಹೊರಗುಳಿದ ಸಂಘ ಮುರಿದುಬಿತ್ತು. ದೊಡ್ಡವರನ್ನು ಒಳಗಿಟ್ಟುಕೊಳ್ಳಲು ತೆತ್ತ ಬೆಲೆಯೇ ವೀಟೊ. ಅದರಿಂದಾಗಿ ಬಲಾಢ್ಯರು ನೇರವಾಗಿ ಕಾದಾಡುವುದು ತಪ್ಪಿತು ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಈ ವಾದ ಎಲ್ಲಿ ತಂದು ನಿಲ್ಲಿಸುತ್ತದೆ ನೋಡಿ. ‘ಊರ ಗೌಡರಿಗೆ ಸಿಟ್ಟು ಬಂದರೆ ಊರೇ ಉರಿದೀತು, ಆದ್ದರಿಂದ ಕೇರಿಯವರು ಸುಮ್ಮನಿರಲಿ’ ಎಂಬಲ್ಲಿಗೆ! ದೊಡ್ಡವರ ನಡುವೆ ಯುದ್ಧ ತಪ್ಪಿರಬಹುದು. ಅವರ ಯುದ್ಧಗಳು ಬಡವರ ಅಂಗಳಕ್ಕೆ ಸ್ಥಳಾಂತರವಾದವು. ಸಿರಿಯಾದವರನ್ನು ಕೇಳಿ, ಅಲ್ಲಿನ ಕೊಲೆ ತಡೆಯುವ ಎಷ್ಟು ಗೊತ್ತುವಳಿಗಳನ್ನು ರಷ್ಯಾ ಮತ್ತೆ ಮತ್ತೆ ಹೊಡೆದುಹಾಕಿತು ಎಂದು.

ವೀಟೊ ನಾಳೆಯೇ ರದ್ದಾಗದು ಎಂಬುದೂ ನಿಜ. ಸನ್ನದಿನ 108ನೆಯ ವಿಧಿಯಂತೆ ತಿದ್ದುಪಡಿಗೆ ಆ ಐವರ ಒಪ್ಪಿಗೆಯೂ ಬೇಕು. ಅಗ್ರಹಾರದ ಬಾಗಿಲಿನ ಕೀಲಿ ಅಗ್ರಹಾರದೊಳಗೇ ಇದೆ. ಆದರೂ ದಾರಿಗಳಿವೆ. ವ್ಯಾಜ್ಯವನ್ನು ಸಂಧಾನದಿಂದ ಬಗೆಹರಿಸುವ ನಿರ್ಣಯಗಳಲ್ಲಿ, ವ್ಯಾಜ್ಯದ ಪಕ್ಷಗಾರ ದೇಶ ಮತ ಹಾಕಬಾರದು ಎಂದು 27ನೆಯ ವಿಧಿಯೇ ಹೇಳುತ್ತದೆ. ಅದನ್ನು ಗಟ್ಟಿಯಾಗಿ ಪಾಲಿಸುವಂತೆ ಒತ್ತಾಯಿಸಬಹುದು. ಸಾಮೂಹಿಕ ಹತ್ಯೆಯ ಸಂದರ್ಭದಲ್ಲಿ ಐವರೂ ವೀಟೊ ಬಳಸದಿರಲಿ ಎಂದು ಅವರಲ್ಲೊಬ್ಬರಾದ ಫ್ರಾನ್ಸೇ ಮೆಕ್ಸಿಕೊ ಜೊತೆ ಸೇರಿ ಹೇಳಿದೆ. 2022ರ ಏಪ್ರಿಲಿನಲ್ಲಿ ಲಿಕ್ಟೆನ್‌ಸ್ಟೈನ್ ಎಂಬ ಅಂಗೈಯಗಲದ ದೇಶ ಮುಂದೆ ನಿಂತು, ಯಾರೇ ವೀಟೊ ಹಾಕಿದರೂ ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆ ಸೇರಿ ಅದನ್ನು ಚರ್ಚಿಸಬೇಕು ಎಂಬ ನಿಯಮ ತಂದಿತು. ಚಿಕ್ಕವರು ಎದ್ದು ಕೇಳಿದರೆ ದೊಡ್ಡವರು ಕಾರಣ ಹೇಳಲೇಬೇಕಾಗುತ್ತದೆ. ಕಲ್ಯಾಣದ ಚಳವಳಿಯ ಶಕ್ತಿಯೂ ಅದೇ ಆಗಿತ್ತು.

ಭಾರತ ಬೇಡುವುದು ಏನನ್ನು?

ಈಗ ನಮ್ಮವರಿಗೇ ಒಂದು ಖಾರದ ಮಾತು. ಭಾರತಕ್ಕೆ ಕಾಯಂ ಸ್ಥಾನ ಬೇಕು ಎಂದು ಪ್ರತಿ ಸರಕಾರವೂ ಕೇಳುತ್ತ ಬಂದಿದೆ. 140 ಕೋಟಿ ಜನರ ದೇಶ ಹೊರಗೆ ನಿಲ್ಲುವುದು ಅನ್ಯಾಯ, ಒಪ್ಪಿದೆ. ಆದರೆ ವೀಟೊ ಸಮೇತ ಸ್ಥಾನ ಕೊಡಿ ಎಂದು ಕೇಳುವುದಾದರೆ, ಅದು ಜಾತಿ ಅಳಿಸಿ ಎಂದು ಹೋರಾಡಿದವನು ಕೊನೆಗೆ ‘ನನಗೂ ಒಂದು ಜನಿವಾರ ಹಾಕಿ’ ಎಂದಂತೆ. ಬಸವಣ್ಣನವರು ಜನಿವಾರವನ್ನು ಕಿತ್ತೆಸೆದರೇ ಹೊರತು ಎಲ್ಲರಿಗೂ ಹಂಚಲು ಹೋಗಲಿಲ್ಲ. 2005ರಲ್ಲಿ ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಸೇರಿ ಮಂಡಿಸಿದ ಕರಡಿನಲ್ಲಿ ಹೊಸ ಕಾಯಂ ಸದಸ್ಯರು ಹದಿನೈದು ವರ್ಷ ವೀಟೊ ಬಳಸುವುದಿಲ್ಲ ಎಂದಿತ್ತು. ಹದಿನೈದು ವರ್ಷ ಏಕೆ, ಎಂದೆಂದಿಗೂ ಬೇಡ ಎನ್ನುವ ಧೈರ್ಯ ಭಾರತಕ್ಕೆ ಬರಲಿ.

ವೀಟೊ ಇಲ್ಲದೆ ಭಾರತ ಏನು ಮಾಡೀತು ಎಂದು ಕೇಳುವವರು ಚರಿತ್ರೆ ಓದಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ಸಹಿ ಹಾಕಿದ ಎ. ರಾಮಸ್ವಾಮಿ ಮುದಲಿಯಾರರು ಮರುವರ್ಷ ಮೈಸೂರಿನ ದಿವಾನರಾದವರು. 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ದಕ್ಷಿಣ ಆಫ್ರಿಕದ ವರ್ಣಭೇದವನ್ನು ವಿಜಯಲಕ್ಷ್ಮಿ ಪಂಡಿತರ ನೇತೃತ್ವದ ನಿಯೋಗ ಸಾಮಾನ್ಯ ಸಭೆಯ ಮುಂದಿಟ್ಟಿತು. ಬ್ರಿಟನ್, ಅಮೆರಿಕ ವಿರೋಧಿಸಿದರೂ ಮೂರನೇ ಎರಡರಷ್ಟು ಬಹುಮತ ಗಳಿಸಿತು. 1948ರ ಮಾನವ ಹಕ್ಕುಗಳ ಘೋಷಣೆಯಲ್ಲಿ ‘ಎಲ್ಲ ಪುರುಷರು’ ಎಂದಿದ್ದ ಮಾತು ‘ಎಲ್ಲ ಮನುಷ್ಯರು’ ಎಂದಾದದ್ದು ಹಂಸಾ ಮೆಹ್ತಾ ಎಂಬ ಭಾರತೀಯ ಮಹಿಳೆ ಹಿಡಿದ ಪಟ್ಟಿನಿಂದ. ಅಕ್ಕಮಹಾದೇವಿಯ ನಾಡಿನವರಾದ ನಾವು ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಯೇ? ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಸುಮಾರು 22 ಸಾವಿರ ಸೆರೆಯಾಳುಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯನವರು; 1965ರಲ್ಲಿ ಸೈಪ್ರಸ್‌ನಲ್ಲಿ ಶಾಂತಿಪಡೆಯನ್ನು ಮುನ್ನಡೆಸುತ್ತಿರುವಾಗಲೇ ಅವರು ತೀರಿಕೊಂಡರು. ವಿಶ್ವಸಂಸ್ಥೆಯ ಶಾಂತಿಪಡೆಗಳಲ್ಲಿ ಸುಮಾರು 180 ಭಾರತೀಯರು ಜೀವ ಕೊಟ್ಟಿದ್ದಾರೆ. ಇದು ಪೀಠವಿಲ್ಲದೆ ಮಾಡಿದ ಕಾಯಕ. ಇದರಿಂದ ಬಂದ ಗೌರವ ಯಾವ ವೀಟೊದಿಂದಲೂ ಬರದು.

ಗಡಿ ಕಾಯುವ ಸೈನಿಕನ ಕಾಯಕವನ್ನು ನಾವು ಕೀಳುಗಾಣುತ್ತಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದವರಿಗೆ, ಕೊಲ್ಲಿಸಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ನಂತರದ ಮೇ ತಿಂಗಳ ಒಂದು ರಾತ್ರಿ ಕೆಲವು ಟಿವಿ ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಸುಳ್ಳು ಸುದ್ದಿ ಸಾರಿದಾಗ ಎಷ್ಟು ಮನೆಗಳಲ್ಲಿ ಚಪ್ಪಾಳೆ ಬಿತ್ತು! ಸೈನಿಕನ ತಾಯಿ ಚಪ್ಪಾಳೆ ತಟ್ಟುವುದಿಲ್ಲ. ಅವಳು ಫೋನಿನ ಮುಂದೆ ಕಾಯುತ್ತಾಳೆ. ಮಠದ ವೇದಿಕೆಯಿಂದ ಯುದ್ಧೋನ್ಮಾದದ ಮಾತಾಡುವ ಸ್ವಾಮಿಗಳು ಕಾವಿಗೂ ವಿಭೂತಿಗೂ ನ್ಯಾಯ ಮಾಡುತ್ತಿಲ್ಲ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ನಾವು ನಿರಾಶ್ರಿತರ ಸಂತತಿ

2024ರ ಕೊನೆಗೆ ಜಗತ್ತಿನಲ್ಲಿ ಮನೆ ಬಿಟ್ಟು ಓಡಬೇಕಾದವರ ಸಂಖ್ಯೆ 12 ಕೋಟಿ ದಾಟಿತ್ತು. ಈ ಅಂಕಿ ಓದುವಾಗ ಲಿಂಗಾಯತರಾದ ನಮ್ಮ ಕರುಳು ಚುರ್ರೆನ್ನಬೇಕು. ಹರಳಯ್ಯ-ಮಧುವರಸರ ಮಕ್ಕಳ ಮದುವೆಯ ನಂತರ ಕಲ್ಯಾಣದಲ್ಲಿ ನಡೆದದ್ದೇನು? ಶರಣರನ್ನು ಎಳೆಹೂಟೆ ಕಟ್ಟಿಸಿ ಕೊಂದರು. ಉಳಿದವರು ವಚನದ ಕಟ್ಟುಗಳನ್ನು ಹೊತ್ತು, ಹೆಂಗಸರು ಮಕ್ಕಳೊಂದಿಗೆ, ಬೆನ್ನಟ್ಟಿದ ಸೈನ್ಯದಿಂದ ತಪ್ಪಿಸಿಕೊಳ್ಳುತ್ತ ಉಳವಿಯ ಕಾಡಿನವರೆಗೆ ನಡೆದರು. ಇಂದಿನ ಭಾಷೆಯಲ್ಲಿ ಅವರು ನಿರಾಶ್ರಿತರು. ದಾರಿಯಲ್ಲಿ ಯಾವುದೋ ಹಳ್ಳಿಯ ಯಾವುದೋ ತಾಯಿ ಬಾಗಿಲು ತೆರೆದು ರೊಟ್ಟಿ ಕೊಟ್ಟದ್ದರಿಂದ ವಚನ ಉಳಿಯಿತು, ನಾವೂ ಉಳಿದೆವು.

ಬಾಗಿಲು ತೆರೆದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1950ರಲ್ಲಿ ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಸಣ್ಣ ದೇಶವಾದ ಎಲ್ ಸಾಲ್ವಡಾರ್ ಬಿಟ್ಟರೆ ದನಿ ಎತ್ತಿದವರು ಯಾರೂ ಇಲ್ಲ; ಬ್ರಿಟನ್ನು, ಅಷ್ಟೇಕೆ ಭಾರತವೂ, ವಿಷಯ ಮುಂದೂಡುವ ಪರ ನಿಂತವು. ಆದರೆ ಅಲ್ಲಿಂದ ಓಡಿ ಬಂದವರಿಗೆ ನಮ್ಮ ಬೈಲುಕುಪ್ಪೆ, ಮುಂಡಗೋಡು, ಕೊಳ್ಳೇಗಾಲದ ನೆಲ ಜಾಗ ಕೊಟ್ಟಿತು. ದೊಡ್ಡ ಸಭೆ ಮುಚ್ಚಿದ ಬಾಗಿಲನ್ನು ಕರ್ನಾಟಕ ತೆರೆಯಿತು. ದಾಸೋಹ ಎಂದರೆ ಇದು.

ಹಾಗಾದರೆ ಮಾಡಬೇಕಾದ್ದೇನು? ವಿಶ್ವಶಾಂತಿಯ ಹೆಸರಿನ ಹೋಮಗಳಿಗೆ ನಮ್ಮ ಮಠಗಳ ಅಂಗಳದಲ್ಲಿ ಇನ್ನು ಜಾಗ ಬೇಡ. ಆ ತುಪ್ಪ, ಆ ಹಣ ಪ್ರಸಾದ ನಿಲಯಕ್ಕೆ ಹೋಗಲಿ. ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವರ್ಷಕ್ಕೆ ಒಂದೆರಡು ಬಾರಿಯಾದರೂ ಯುದ್ಧ, ಆಯುಧ ವ್ಯಾಪಾರ, ನಿರಾಶ್ರಿತರ ವಿಷಯ ಚರ್ಚೆಗೆ ಬರಲಿ. ನಮ್ಮ ಓಟು ಪಡೆದು ದೆಹಲಿಗೆ ಹೋದ ಸಂಸದರು ವೀಟೊ ಇಲ್ಲದ ಸಮಾನ ಮಂಡಳಿಗಾಗಿ ಸಂಸತ್ತಿನಲ್ಲಿ ದನಿ ಎತ್ತಲಿ ಎಂದು ಮಠಗಳು ಠರಾವು ಮಾಡಿ ಕಳಿಸಲಿ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿ ಅಲ್ಲಿನ ಪ್ರಜೆಗಳಾದ ನಮ್ಮ ಬಂಧುಗಳ ಕೈಯಲ್ಲಿ ವೀಟೊ ದೇಶಗಳ ಓಟೇ ಇದೆ; ಬಸವ ಜಯಂತಿಯ ಹೋಳಿಗೆ ಊಟದ ಜೊತೆಗೆ ತಮ್ಮ ಪ್ರತಿನಿಧಿಗೆ ಒಂದು ಪತ್ರವನ್ನೂ ಬರೆಯಲಿ.

ಇವೆಲ್ಲಕ್ಕೂ ಮೊದಲು, ನಮ್ಮ ಮನೆಯ ಅಗ್ರಹಾರ ಒಡೆಯಬೇಕು. ಒಳಪಂಗಡದ ಹೆಸರಿನಲ್ಲಿ ಹೆಣ್ಣು ಕೊಡದ, ಪೀಠ ಕೊಡದ, ಜಂಗಮತ್ವವನ್ನು ಅರಿವಿನ ಬದಲು ಹುಟ್ಟಿನಿಂದ ಅಳೆಯುವ ಸಮಾಜಕ್ಕೆ ನ್ಯೂಯಾರ್ಕಿನ ಐವರನ್ನು ಪ್ರಶ್ನಿಸುವ ನೈತಿಕ ಬಲ ಎಲ್ಲಿಂದ ಬರಬೇಕು? ಹುಟ್ಟಿನಿಂದ ಬಂದ ಪೀಠ ಕಲ್ಯಾಣದಲ್ಲಿ ತಪ್ಪು ಎಂದಾದರೆ ಮಠದಲ್ಲಿಯೂ ತಪ್ಪು, ಭದ್ರತಾ ಮಂಡಳಿಯಲ್ಲಿಯೂ ತಪ್ಪು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ‘ವಿಶ್ವಶಾಂತಿ’ ಎಂಬ ಮಾತಾಡಲು ಹಕ್ಕುಳ್ಳವನು.